ಪೋರ್ಚುಗೀಸ್ ಕ್ರಿಯಾಪದಗಳ ಉದ್ದನೆಯ ರೂಪಗಳಲ್ಲಿ ಉಚ್ಚಾರಾಂಶಗಳನ್ನು ಬಿಡಿಸುವುದು, ಒತ್ತನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಮೂಡಿಗೆರೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ.

ನಮ್ಮದು ಮೂಡಿಗೆರೆ ಸಮೀಪದ ಕಾಫಿ ತೋಟ. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್‌ನಲ್ಲಿ ಬೆಳೆಗಾರರಿಗಾಗಿ ಪ್ರಕಟವಾಗುವ ಕೈಪಿಡಿಗಳನ್ನು ಪೋರ್ಚುಗೀಸ್ ಭಾಷೆಯಲ್ಲಿಯೇ ಓದಬೇಕು, ಅಲ್ಲಿನ ಕೃಷಿ ತಜ್ಞರ ಮಾತನ್ನು ಅನುವಾದಕ್ಕೆ ಕಾಯದೆ ಕೇಳಿ ತಿಳಿದುಕೊಳ್ಳಬೇಕು ಎಂಬ ಹಂಬಲದಿಂದ ಈ ಭಾಷೆಯನ್ನು ಕಲಿಯುತ್ತಿದ್ದೇನೆ. ನಾಮಪದಗಳೂ ವಿಶೇಷಣಗಳೂ ಹೆಚ್ಚಿನ ತೊಡಕಿಲ್ಲದೆ ರೂಢಿಯಾಗಿವೆ. ಆದರೆ ಕ್ರಿಯಾಪದಗಳ ಉದ್ದನೆಯ ರೂಪಗಳು ಎದುರಾದಾಗ ಪದವನ್ನು ಎಲ್ಲಿ ಬಿಡಿಸಬೇಕು, ಯಾವ ಭಾಗವನ್ನು ಒತ್ತಿ ಹೇಳಬೇಕು ಎಂಬುದು ನಿರ್ಧಾರವಾಗುವುದಿಲ್ಲ.

ಗಿಡ ಸವರುವುದಕ್ಕೆ ಅಲ್ಲಿ ‘ಪೊದಾರ್’ ಎನ್ನುತ್ತಾರೆ. ಅದರ ಎರಡು ರೂಪಗಳಲ್ಲಿ ಒಂದರ ಅರ್ಥ ‘ಸವರಿದರು’, ಇನ್ನೊಂದರ ಅರ್ಥ ‘ಸವರುವರು’. ನನ್ನ ಕಿವಿಗೆ ಎರಡೂ ‘ಪೊದರಂವ್’ ಎಂದೇ ಕೇಳಿಸುತ್ತವೆ. ಬರಹದಲ್ಲಿ ಮಾತ್ರ ಒಂದು ಎ, ಎಮ್ ಎಂಬ ಅಕ್ಷರಗಳಿಂದಲೂ ಇನ್ನೊಂದು ನಾಸಿಕ್ಯ ಚಿಹ್ನೆ ಹೊತ್ತ ಎ ಮತ್ತು ಅದರ ಮುಂದಿನ ಓ ಅಕ್ಷರದಿಂದಲೂ ಕೊನೆಗೊಳ್ಳುತ್ತದೆ. ತೋಟದ ಕೆಲಸದ ಮಟ್ಟಿಗೆ ಆಗಿಹೋದದ್ದಕ್ಕೂ ಮುಂದೆ ಆಗಬೇಕಾದದ್ದಕ್ಕೂ ಇರುವ ಅಂತರ ಸಣ್ಣದಲ್ಲ. ‘ನೆಡು’ ಎಂಬ ಅರ್ಥದ ‘ಪ್ಲಂತಾರ್’ ಕ್ರಿಯಾಪದದಲ್ಲಿಯೂ ಹೀಗೆಯೇ: ‘ಅದಕ್ಕೂ ಮೊದಲು ನೆಟ್ಟಿದ್ದನು’ ಮತ್ತು ‘ನೆಡುವನು’ ಎಂಬೆರಡು ರೂಪಗಳ ನಡುವೆ ಬರಹದಲ್ಲಿ ಕಾಣುವ ವ್ಯತ್ಯಾಸ ಕೊನೆಯ ಸ್ವರದ ಮೇಲಿನ ಒಂದು ಗೆರೆ ಮಾತ್ರ.

ಒತ್ತು ಕೆಲವು ರೂಪಗಳಲ್ಲಿ ಕೊನೆಯ ಉಚ್ಚಾರಾಂಶದ ಮೇಲೆ, ಕೆಲವು ರೂಪಗಳಲ್ಲಿ ಕೊನೆಯಿಂದ ಎರಡನೆಯದರ ಮೇಲೆ, ಇನ್ನು ಕೆಲವುಗಳಲ್ಲಿ ಮೂರನೆಯದರ ಮೇಲೆ ಬೀಳುತ್ತದೆ ಎಂಬಷ್ಟು ತಿಳಿದಿದೆ. ಇದಕ್ಕೆ ಹಿಡಿಯಬಹುದಾದ ನಿಯಮವೊಂದಿದೆಯೇ, ಇಲ್ಲವೇ ಪ್ರತಿಯೊಂದು ರೂಪವನ್ನೂ ಬಾಯಿಪಾಠ ಮಾಡಬೇಕೇ? ಟಿಪ್ಪಣಿ ಪುಸ್ತಕದಲ್ಲಿ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವ ಅಭ್ಯಾಸ ನನಗಿದೆ. ಅಲ್ಲಿ ಒತ್ತನ್ನು ಹೇಗೆ ಗುರುತು ಮಾಡಿಕೊಂಡರೆ ಒಳ್ಳೆಯದು ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಸಕಲೇಶಪುರದ ಅನುವಾದಕಿ

ನಮಸ್ಕಾರ ಸರ್. ನಿಯಮವಿದೆ, ಮತ್ತು ಅದು ನೀವು ಅಂದುಕೊಂಡಿರುವುದಕ್ಕಿಂತ ಸರಳವಾಗಿದೆ. ಆದರೆ ಕೊನೆಯಿಂದ ಎಣಿಸುತ್ತಾ ಹೋದರೆ ಆ ನಿಯಮ ಕಾಣುವುದಿಲ್ಲ. ಎಣಿಕೆ ಬರಹದ ಚಿಹ್ನೆಗಳನ್ನು ಅರ್ಥ ಮಾಡಿಕೊಳ್ಳಲು ಬೇಕಾದದ್ದು. ಒತ್ತು ಎಲ್ಲಿದೆ ಎಂಬುದನ್ನು ತೀರ್ಮಾನಿಸುವುದು ಆ ಕ್ರಿಯಾಪದ ಯಾವ ಕಾಲದಲ್ಲಿದೆ ಎಂಬ ಸಂಗತಿ.

ಮೊದಲಿಗೆ ಒಂದು ಒಪ್ಪಂದ ಮಾಡಿಕೊಳ್ಳೋಣ. ಈ ಉತ್ತರದಲ್ಲಿ ಉಚ್ಚಾರಾಂಶಗಳ ನಡುವೆ ಅಡ್ಡಗೆರೆ ಹಾಕುತ್ತೇನೆ, ಒತ್ತು ಬೀಳುವ ಉಚ್ಚಾರಾಂಶವನ್ನು ಮಾತ್ರ ದೀರ್ಘಸ್ವರದಲ್ಲಿ ಬರೆಯುತ್ತೇನೆ. ಕೊನೆಯ ‘ಮೊಸ್’ ಎಂಬ ಪ್ರತ್ಯಯವನ್ನು ಬ್ರೆಜಿಲ್‌ನ ಬಹುಭಾಗದಲ್ಲಿ ಕೇಳುವಂತೆ ‘ಮುಸ್’ ಎಂದು ಬರೆಯುತ್ತೇನೆ. ಲಿಸ್ಬನ್ನಿನವರು ಅದನ್ನು ‘ಮುಶ್’ ಎನ್ನುತ್ತಾರೆ.

ಉಚ್ಚಾರಾಂಶಗಳನ್ನು ಬಿಡಿಸುವಾಗ ಧಾತು ಯಾವುದು, ಪ್ರತ್ಯಯ ಯಾವುದು ಎಂಬುದನ್ನು ಮರೆತುಬಿಡಿ. ವಿಭಾಗ ನಡೆಯುವುದು ಧ್ವನಿಯನ್ನು ಅನುಸರಿಸಿಯೇ ಹೊರತು ವ್ಯುತ್ಪತ್ತಿಯನ್ನಲ್ಲ. ಎರಡು ಸ್ವರಗಳ ನಡುವೆ ಇರುವ ಒಂಟಿ ವ್ಯಂಜನ ಯಾವಾಗಲೂ ಮುಂದಿನ ಸ್ವರಕ್ಕೆ ಸೇರುತ್ತದೆ. ಆದ್ದರಿಂದ ಪೊದಾರ್ ಎಂಬುದು ಪೊ-ದಾರ್ ಆಗುತ್ತದೆ. ಧಾತು ‘ಪೊದ್’ ಎಂದು ನೆನೆದು ದಕಾರದ ನಂತರ ಒಡೆಯಬಾರದು. ಎರಡು ವ್ಯಂಜನಗಳು ಕೂಡಿ ಬಂದಾಗ ಸಾಮಾನ್ಯವಾಗಿ ಒಂದು ಹಿಂದಕ್ಕೆ, ಒಂದು ಮುಂದಕ್ಕೆ ಹೋಗುತ್ತದೆ: ಪರ್-ತೀರ್. ಎರಡನೆಯ ವ್ಯಂಜನ ಲಕಾರವೋ ರಕಾರವೋ ಆಗಿದ್ದು, ಮೊದಲನೆಯದು ಪ, ಬ, ತ, ದ, ಕ, ಗ, ಫ, ವ ಇಂಥದ್ದಾಗಿದ್ದರೆ ಜೋಡಿ ಒಡೆಯುವುದಿಲ್ಲ: ‘ತೆರೆ’ ಎಂಬ ಅರ್ಥದ ಪದ ಅ-ಬ್ರೀರ್. ಎಲ್–ಎಚ್, ಎನ್–ಎಚ್, ಸಿ–ಎಚ್ ಜೋಡಿಗಳು ಬರಹದಲ್ಲಿ ಎರಡಾದರೂ ಧ್ವನಿಯಲ್ಲಿ ಒಂದೇ ಆದ್ದರಿಂದ ಅವನ್ನೂ ಒಡೆಯುವಂತಿಲ್ಲ. ಕಾಫಿ ಕೊಯ್ಯುವುದಕ್ಕೆ ಬಳಸುವ ‘ಕೊ-ಲ್ಯೇರ್’ ಪದವೇ ಇದಕ್ಕೆ ಉದಾಹರಣೆ. ಆದರೆ ಎಸ್–ಎಸ್ ಮತ್ತು ಆರ್–ಆರ್ ಜೋಡಿಗಳನ್ನು, ಅವುಗಳ ಧ್ವನಿ ಒಂದೇ ಆಗಿದ್ದರೂ, ಬರಹದಲ್ಲಿ ಬೇರ್ಪಡಿಸಬೇಕು ಎಂಬುದು ನಿಯಮ. ‘ನಾವು ನೆಟ್ಟಿದ್ದರೆ’ ಎಂಬ ರೂಪ ಕಾಗದದ ಮೇಲೆ ಪ್ಲಂ-ತಾಸ್-ಸೆ-ಮುಸ್ ಆಗುವುದು ಹೀಗೆ.

ಈಗ ಒತ್ತಿನ ವಿಷಯ. ಪ್ಲಂತಾರ್ ಪದವನ್ನೇ ತೆಗೆದುಕೊಳ್ಳಿ. ವರ್ತಮಾನ ಕಾಲದ ಏಕವಚನ ರೂಪಗಳಲ್ಲೂ ‘ಅವರು’ ಎಂಬ ಬಹುವಚನ ರೂಪದಲ್ಲೂ ಒತ್ತು ಧಾತುವಿನ ಮೇಲಿರುತ್ತದೆ: ಪ್ಲಾಂ-ತು, ಪ್ಲಾಂ-ತ, ಪ್ಲಾಂ-ತಂವ್. ‘ನಾವು’ ಎಂಬ ರೂಪಕ್ಕೆ ಬಂದಾಗ ಅದು ಧಾತುವಿನ ಪಕ್ಕದ ಸ್ವರಕ್ಕೆ ಸರಿಯುತ್ತದೆ: ಪ್ಲಂ-ತಾ-ಮುಸ್. ಕ್ರಿಯಾಪದ ಯಾವ ಗಣಕ್ಕೆ ಸೇರಿದೆ ಎಂದು ತೋರಿಸುವ ಈ ಅ, ಎ, ಇ ಸ್ವರವನ್ನು ಇಲ್ಲಿ ಗಣಸ್ವರ ಎಂದು ಕರೆಯೋಣ. ಭೂತಕಾಲದ ಹೆಚ್ಚುಕಡಿಮೆ ಎಲ್ಲ ರೂಪಗಳಲ್ಲೂ ಒತ್ತು ಈ ಗಣಸ್ವರವನ್ನು ಬಿಟ್ಟು ಕದಲುವುದಿಲ್ಲ: ಪ್ಲಂ-ತಾ-ವ, ಪ್ಲಂ-ತಾ-ವ-ಮುಸ್, ಪ್ಲಂ-ತಾ-ರ, ಪ್ಲಂ-ತಾ-ರ-ಮುಸ್, ಪ್ಲಂ-ತಾ-ರಂವ್, ಪ್ಲಂ-ತಾಸ್-ಸೆ-ಮುಸ್. ಭವಿಷ್ಯತ್ ಕಾಲ ಮತ್ತು ‘ನೆಡುತ್ತಿದ್ದೆವು, ಆದರೆ’ ಎಂಬಂಥ ಸಂಭಾವನಾ ರೂಪಗಳಲ್ಲಿ ಒತ್ತು ಗಣಸ್ವರವನ್ನು ದಾಟಿ ರಕಾರದ ನಂತರದ ಸ್ವರದ ಮೇಲೆ ನಿಲ್ಲುತ್ತದೆ: ಪ್ಲಂ-ತ-ರೇಯ್, ಪ್ಲಂ-ತ-ರಾ, ಪ್ಲಂ-ತ-ರೇ-ಮುಸ್, ಪ್ಲಂ-ತ-ರಾಂವ್, ಪ್ಲಂ-ತ-ರೀ-ಅ, ಪ್ಲಂ-ತ-ರೀ-ಅ-ಮುಸ್.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಪೊ-ದಾ-ರಂವ್ ಎಂದರೆ ಸವರಿದರು, ಪೊ-ದ-ರಾಂವ್ ಎಂದರೆ ಸವರುವರು. ಕೊನೆಯ ನಾಸಿಕ್ಯ ಧ್ವನಿ ಎರಡರಲ್ಲೂ ಒಂದೇ ಆಗಿರುವುದರಿಂದ ನಿಮ್ಮ ಕಿವಿ ಹಿಡಿದದ್ದು ಸರಿಯಾಗಿಯೇ ಇದೆ. ಭೇದವನ್ನು ಒತ್ತು ಮಾತ್ರ ಹೊರುತ್ತದೆ, ಮತ್ತು ಅದನ್ನು ಓದುಗನಿಗೆ ತಿಳಿಸುವ ಹೊಣೆಯನ್ನು ಬರಹ ಆ ಎರಡು ಬಗೆಯ ಕಾಗುಣಿತದ ಮೂಲಕ ನಿರ್ವಹಿಸುತ್ತದೆ: ಒತ್ತಿಲ್ಲದ ಕ್ರಿಯಾಂತ್ಯಕ್ಕೆ ಎ–ಎಮ್, ಒತ್ತಿರುವುದಕ್ಕೆ ನಾಸಿಕ್ಯ ಚಿಹ್ನೆಯ ಎ ಮತ್ತು ಓ. ಪ್ಲಂ-ತಾ-ರ ಮತ್ತು ಪ್ಲಂ-ತ-ರಾ ಜೋಡಿಯಲ್ಲಿ ಆ ಹೊಣೆ ಕೊನೆಯ ಸ್ವರದ ಮೇಲಿನ ಗೆರೆಯದು.

‘ನಾವು’ ರೂಪಗಳು ಏಕೆ ಇಷ್ಟು ಉದ್ದವಾಗಿ, ಒತ್ತು ಕೊನೆಯಿಂದ ಮೂರನೆಯ ಸ್ಥಾನದಲ್ಲಿ ಬೀಳುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ವಿಚಾರ. ಲ್ಯಾಟಿನ್ನಿನಲ್ಲಿ ‘ನಾವು ಹಾಡುತ್ತಿದ್ದೆವು’ ಎಂಬುದಕ್ಕೆ ‘ಕಾಂತಾಬಾಮುಸ್’ ಎಂಬ ರೂಪವಿತ್ತು, ಒತ್ತು ‘ಬಾ’ ಮೇಲಿತ್ತು. ಇಟಾಲಿಯನ್ ಅದನ್ನು ಅಲ್ಲಿಯೇ ಉಳಿಸಿಕೊಂಡು ಇಂದಿಗೂ ಕಂ-ತ-ವಾ-ಮೊ ಎನ್ನುತ್ತದೆ. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳಾದರೋ ಒತ್ತನ್ನು ಒಂದು ಹೆಜ್ಜೆ ಹಿಂದಕ್ಕೆ ತಂದವು. ‘ನಾನು’, ‘ನೀನು’, ‘ಅವರು’ ರೂಪಗಳಲ್ಲೆಲ್ಲ ಗಣಸ್ವರದ ಮೇಲಿದ್ದ ಒತ್ತು ‘ನಾವು’, ‘ನೀವು’ ರೂಪಗಳಲ್ಲಿ ಮಾತ್ರ ಬೇರೆಡೆ ಇರುವುದನ್ನು ಆ ಭಾಷಿಕರ ನಾಲಗೆ ಉಳಿಸಿಕೊಳ್ಳಲಿಲ್ಲ. ಹೀಗಾಗಿ ಒತ್ತು ತನ್ನ ಜಾಗದಲ್ಲಿಯೇ ಇದೆ, ಬಾಲ ಮಾತ್ರ ಬೆಳೆದಿದೆ ಎಂದು ತಿಳಿದುಕೊಂಡರೆ ಕಂ-ತಾ-ವ-ಮುಸ್ ಮಾದರಿಯ ಯಾವ ರೂಪವೂ ಹೆದರಿಸುವುದಿಲ್ಲ.

ಬರಹದ ಚಿಹ್ನೆಗಳ ತರ್ಕವನ್ನೂ ಹೇಳಿಬಿಡುತ್ತೇನೆ. ಪದ ಎ, ಇ, ಓ (a, e, o) ಅಕ್ಷರಗಳಿಂದ, ಅಥವಾ ಅವುಗಳ ಮುಂದೆ ಎಸ್ ಸೇರಿ, ಅಥವಾ ಎ–ಎಮ್, ಇ–ಎಮ್, ಇ–ಎನ್–ಎಸ್ ಎಂದು ಮುಗಿದರೆ, ಚಿಹ್ನೆ ಇಲ್ಲದಿರುವಾಗ ಒತ್ತು ಕೊನೆಯಿಂದ ಎರಡನೆಯದರ ಮೇಲೆ. ಬೇರೆ ರೀತಿಯಲ್ಲಿ ಮುಗಿದರೆ ಸಾಮಾನ್ಯವಾಗಿ ಕೊನೆಯದರ ಮೇಲೆ. ಈ ನಿರೀಕ್ಷೆ ಮುರಿಯುವ ಕಡೆ ಗೆರೆ ಬೇಕು. ಒತ್ತು ಕೊನೆಯಿಂದ ಮೂರನೆಯದಾದರೆ ಒಂದೂ ಅಪವಾದವಿಲ್ಲದೆ ಗೆರೆ ಹಾಕಲೇಬೇಕು. ಆದ್ದರಿಂದ ‘ಮುಸ್’ನಲ್ಲಿ ಮುಗಿಯುವ ರೂಪದಲ್ಲಿ ಗೆರೆ ಕಂಡರೆ ಅದರ ಮೇಲೆ ಒತ್ತಿ, ಕಾಣದಿದ್ದರೆ ‘ಮುಸ್’ಗೆ ಹಿಂದಿನದನ್ನು ಒತ್ತಿ. ಓದುವಾಗ ಇಷ್ಟು ಸಾಕು.

ಗಣಸ್ವರದ ನಿಯಮಕ್ಕೆ ಒಳಪಡದ ಕೆಲವು ಹಳೆಯ ಕ್ರಿಯಾಪದಗಳಿವೆ. ‘ಮಾಡು’, ‘ಹೇಳು’, ‘ಹೊಂದಿರು’, ‘ಸಾಧ್ಯವಾಗು’ ಇವುಗಳ ಭೂತಕಾಲದಲ್ಲಿ ‘ನಾನು’ ಮತ್ತು ‘ಅವನು’ ರೂಪಗಳ ಒತ್ತು ಧಾತುವಿನ ಮೇಲೆಯೇ ಇರುತ್ತದೆ: ತೀ-ವೆ, ದೀಸ್-ಸೆ, ಪೂ-ದೆ. ಇವು ದಿನನಿತ್ಯದ ಮಾತಿನಲ್ಲಿ ಪದೇ ಪದೇ ಬರುವುದರಿಂದ ತಾವಾಗಿಯೇ ರೂಢಿಯಾಗುತ್ತವೆ.

ಇನ್ನು ಸ್ವರದ ಪಕ್ಕದಲ್ಲಿ ಸ್ವರ ಬಂದಾಗ ಹೆಚ್ಚಿನ ಎಚ್ಚರ ಬೇಕು. ‘ಹೊರಗೆ ಹೋಗು’ ಎಂಬ ಅರ್ಥದ ಸ-ಈರ್ ಪದದಲ್ಲಿ ಎರಡು ಉಚ್ಚಾರಾಂಶಗಳಿವೆ. ‘ಅವನು ಹೋಗುತ್ತಾನೆ’ ಎಂಬ ರೂಪದಲ್ಲಿ ಎರಡೂ ಸ್ವರಗಳು ಕೂಡಿ ‘ಸಾಯ್’ ಎಂಬ ಒಂದೇ ಉಚ್ಚಾರಾಂಶವಾಗುತ್ತದೆ. ‘ನಾನು ಹೋದೆ’ ಎಂಬಲ್ಲಿ ಸ-ಈ ಎಂದು ಮತ್ತೆ ಎರಡಾಗುತ್ತದೆ, ಮತ್ತು ಕೂಡಿಸಿ ಓದಬಾರದೆಂದು ಎಚ್ಚರಿಸಲು ಐ ಅಕ್ಷರದ ಮೇಲೆ ಗೆರೆ ಬರುತ್ತದೆ. ಸ-ಈ-ಮುಸ್, ಸ-ಈ-ಅ-ಮುಸ್ ರೂಪಗಳಲ್ಲಿಯೂ ಗೆರೆ ಉಂಟು. ಆದರೆ ಆ ಐ ತನ್ನ ನಂತರದ ಎನ್, ಆರ್ ಮುಂತಾದ ವ್ಯಂಜನದೊಂದಿಗೆ ಕೂಡಿ ಒಂದೇ ಉಚ್ಚಾರಾಂಶವಾದರೆ ಗೆರೆ ಹಾಕುವುದಿಲ್ಲ: ಸ-ಈನ್-ದು, ಸ-ಈರ್-ಮುಸ್. ಅಲ್ಲಿ ಗೆರೆಯಿಲ್ಲ ಎಂದು ‘ಸಾಯ್ನ್‌ದು’ ಎಂದು ಓದುವ ಕಲಿಕಾರ್ಥಿಗಳು ಬಹಳ ಮಂದಿ.

ಉತ್ತರ: ಹಾಸನದ ನಿವೃತ್ತ ಕನ್ನಡ ಉಪನ್ಯಾಸಕ

ಮೇಡಂ ಅವರ ವಿವರಣೆ ಸೊಗಸಾಗಿದೆ. ನಾನು ಪೋರ್ಚುಗೀಸನ್ನು ಓದುವಷ್ಟು ಮಾತ್ರ ಬಲ್ಲೆ. ಆದರೆ ಕನ್ನಡಿಗನಾದ ಕಲಿಕಾರ್ಥಿಗೆ ಛಂದಸ್ಸಿನ ಅರಿವು ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಹೇಳುವುದು ನನ್ನಿಂದ ಆಗಬಹುದಾದ ಕೆಲಸವೆಂದು ಬರೆಯುತ್ತಿದ್ದೇನೆ.

ನಮ್ಮ ಲಿಪಿಯಲ್ಲಿ ಸಂಯುಕ್ತಾಕ್ಷರ ಒಂದೇ ಘಟಕ. ‘ಪರ್ತೀರ್’ ಎಂದು ಬರೆದಾಗ ರಕಾರವೂ ತಕಾರವೂ ಒಂದೇ ಅಕ್ಷರದಲ್ಲಿ ಸೇರಿಕೊಳ್ಳುವುದರಿಂದ, ಕಣ್ಣನ್ನು ನಂಬಿ ಒಡೆಯುವವರು ‘ಪ-ರ್ತೀರ್’ ಎಂದು ಬಿಡಿಸುವ ಸಂಭವವಿದೆ. ಆದರೆ ಪ್ರಸ್ತಾರ ಹಾಕಿ ಅಭ್ಯಾಸವಿರುವವರಿಗೆ ಸಂಯುಕ್ತಾಕ್ಷರದ ಹಿಂದಿನ ಅಕ್ಷರ ಗುರುವೆಂಬುದು ಗೊತ್ತು. ಅದು ಗುರುವಾಗುವುದಕ್ಕೆ ಕಾರಣ, ಸಂಯುಕ್ತದ ಮೊದಲ ವ್ಯಂಜನ ಉಚ್ಚಾರದಲ್ಲಿ ಹಿಂದಿನ ಸ್ವರಕ್ಕೆ ಒರಗಿ ಅದನ್ನು ಮುಚ್ಚುವುದು. ಅಂದರೆ ಪರ್-ತೀರ್ ಎಂಬ ವಿಭಾಗ ನಮ್ಮ ಕಿವಿಗೆ ಹೊಸದೇನಲ್ಲ, ಲಿಪಿಗೆ ಮಾತ್ರ ಹೊಸದು. ಅ-ಬ್ರೀರ್ ಎಂಬಲ್ಲಿ ಜೋಡಿಯು ಹಿಂದಿನ ಸ್ವರಕ್ಕೆ ಒರಗದೆ ಇಡಿಯಾಗಿ ಮುಂದಕ್ಕೆ ಹೋಗುವುದು ನಮ್ಮ ಸಾಮಾನ್ಯ ನಿಯಮಕ್ಕೆ ವಿರುದ್ಧವಾಗಿ ಕಂಡರೂ, ಹಳಗನ್ನಡದ ಶಿಥಿಲದ್ವಿತ್ವದಲ್ಲಿ ಸಂಯುಕ್ತದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದನ್ನು ಓದಿದವರಿಗೆ ಅಂಥ ಸಾಧ್ಯತೆ ಅಪರಿಚಿತವಲ್ಲ. ಎರಡರ ಸಂದರ್ಭಗಳು ಬೇರೆ; ಅಲ್ಲಿ ಸಂಯುಕ್ತದ ಮೊದಲ ವ್ಯಂಜನ ರ, ಲ, ಳ ಮೊದಲಾದವು, ಇಲ್ಲಿ ಅವು ಎರಡನೆಯ ಸ್ಥಾನದಲ್ಲಿ ಬರುತ್ತವೆ. ಆದರೂ ಸಂಯುಕ್ತವೆಲ್ಲವೂ ಒಂದೇ ಬಗೆಯಲ್ಲಿ ವರ್ತಿಸಬೇಕಾಗಿಲ್ಲ ಎಂಬ ತಿಳಿವಳಿಕೆ ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ.

ಛಂದಸ್ಸು ದಾರಿ ತಪ್ಪಿಸುವುದು ಇದರ ಮುಂದಿನ ಹಂತದಲ್ಲಿ. ನಮ್ಮಲ್ಲಿ ಅಕ್ಷರದ ತೂಕ ಅದರ ರಚನೆಯಿಂದಲೇ ನಿರ್ಧಾರವಾಗುತ್ತದೆ. ಅನುಸ್ವಾರವಿದ್ದರೆ ಗುರು, ದೀರ್ಘವಿದ್ದರೆ ಗುರು. ಒತ್ತಿಗೆ ಅಂಥ ನಿಷ್ಠೆಯಿಲ್ಲ. ಮೇಡಂ ಕೊಟ್ಟ ಪ್ಲಂ-ತಾ-ರ ರೂಪದಲ್ಲಿ ‘ಪ್ಲಂ’ ನಾಸಿಕ್ಯದಿಂದ ತೂಕವಾಗಿದ್ದರೂ ಒತ್ತು ಅದರ ಮೇಲಿಲ್ಲ. ಪದ್ಯ ಓದುವವನು ಗುರುವಿನ ಮೇಲೆ ನಿಲ್ಲುವ ಅಭ್ಯಾಸವನ್ನು ಇಲ್ಲಿಗೆ ತಂದರೆ ‘ಅವನು ಮೊದಲೇ ನೆಟ್ಟಿದ್ದನು’ ಎಂಬ ಮಾತು ಕೇಳುವವರಿಗೆ ಗುರುತು ಸಿಗದಂತೆ ಆಗುತ್ತದೆ. ಕನ್ನಡದಲ್ಲಿ ಒತ್ತಿನ ಸ್ಥಾನ ಬದಲಾದರೆ ಪದದ ಅರ್ಥ ಬದಲಾಗುವುದಿಲ್ಲ. ಹೀಗಾಗಿ ಅದನ್ನು ಬೇರೆಯಾಗಿ ಆಲಿಸುವ ರೂಢಿಯೇ ನಮಗೆ ಚಿಕ್ಕಂದಿನಿಂದ ಬೆಳೆದಿರುವುದಿಲ್ಲ. ಪ್ರಶ್ನೆ ಕೇಳಿದವರ ಕಿವಿಗೆ ಎರಡು ರೂಪಗಳು ಒಂದಾಗಿ ಕೇಳಿಸಲು ಕಾರಣ ಇದೇ ಎಂದು ನನ್ನ ಅಭಿಪ್ರಾಯ.

ಒತ್ತನ್ನು ದೀರ್ಘದಿಂದ ಬರೆದುಕೊಳ್ಳುವ ಪದ್ಧತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಅದು ಮೇಡಂ ಒಬ್ಬರ ಅನುಕೂಲಕ್ಕೆ ಹುಟ್ಟಿದ್ದಲ್ಲ. ಈ ನೆಲದ ಭಾಷೆಗಳು ಪೋರ್ಚುಗೀಸರ ಒತ್ತನ್ನು ಕೇಳಿಸಿಕೊಂಡದ್ದೇ ಹಾಗೆ. ನೇರವಾಗಿಯೋ ಕೊಂಕಣಿ, ಮರಾಠಿಗಳ ಮೂಲಕವೋ ನಮಗೆ ಬಂದ ಮೇಜು, ಚಾವಿ, ಪಾದ್ರಿ, ಬಟಾಟೆ ಪದಗಳಲ್ಲಿ ದೀರ್ಘ ನಿಂತಿರುವುದು ಮೂಲದಲ್ಲಿ ಒತ್ತು ಇದ್ದ ಜಾಗದಲ್ಲಿ. ‘ಪಗಾರ’ವಂತೂ ‘ಹಣ ಕೊಡು’ ಎಂಬ ಅರ್ಥದ ಪ-ಗಾರ್ ಎಂಬ ಕ್ರಿಯಾಪದವೇ. ಅನಾನಸು ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಮೂಲದಲ್ಲಿ ಅದರ ಒತ್ತು ಕೊನೆಯಲ್ಲಿದೆ. ಆದರೆ ಬರೆದುಕೊಂಡ ದೀರ್ಘವನ್ನು ಪೂರ್ತಿ ಎರಡು ಮಾತ್ರೆಯಾಗಿ ಎಳೆಯಬೇಡಿ. ಪೋರ್ಚುಗೀಸಿನಲ್ಲಿ ಹ್ರಸ್ವ ದೀರ್ಘಗಳು ಅರ್ಥಭೇದ ಮಾಡುವುದಿಲ್ಲ. ಒತ್ತಿದ ಸ್ವರ ಬಲವಾಗಿ, ಸ್ಪಷ್ಟವಾಗಿ, ತುಸು ಉದ್ದವಾಗಿ ಕೇಳಿದರೆ ಸಾಕು, ಉಳಿದ ಸ್ವರಗಳು ಹಗುರವಾಗಬೇಕು. ಈ ಎರಡನೆಯ ಭಾಗವನ್ನು ನಮ್ಮವರು ಮರೆಯುತ್ತಾರೆ.

ಮರುಪ್ರಶ್ನೆ: ಮೂಡಿಗೆರೆ ಬೆಳೆಗಾರ

ಮೇಡಂ ಅವರಿಗೂ ಮೇಷ್ಟ್ರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಲವನ್ನು ಗುರುತಿಸಿ ಒತ್ತನ್ನು ಹುಡುಕುವ ಕ್ರಮ ನಿಜಕ್ಕೂ ಕೆಲಸ ಮಾಡುತ್ತಿದೆ.

ಇನ್ನೊಂದು ತೊಡಕು ಉಳಿದಿದೆ. ಪೋರ್ಚುಗಲ್‌ನಲ್ಲಿ ಅಚ್ಚಾದ ವ್ಯಾಕರಣ ಪಾಠವೊಂದರಲ್ಲಿ ‘ನಾವು ಅದನ್ನು ಕೊಯ್ಯುವೆವು’ ಎಂಬುದಕ್ಕೆ ‘ಕೊಲ್ಯೆ’, ‘ಲು’, ‘ಎಮುಸ್’ ಎಂಬ ಮೂರು ತುಂಡುಗಳನ್ನು ಅಡ್ಡಗೆರೆಗಳಿಂದ ಜೋಡಿಸಿದ ರೂಪವಿದೆ. ಕ್ರಿಯಾಪದದ ಮಧ್ಯೆ ಸರ್ವನಾಮ ಹೇಗೆ ಬಂತು? ಇದನ್ನು ಒಂದೇ ಪದವೆಂದು ಒತ್ತಬೇಕೇ, ಮೂರು ಪದಗಳೆಂದು ಒತ್ತಬೇಕೇ?

ಉತ್ತರ: ಚಿಕ್ಕಮಗಳೂರಿನ ಕೊಂಕಣಿ ಓದುಗ

ನಮಸ್ಕಾರ. ನಾನು ಪೋರ್ಚುಗೀಸ್ ಕಲಿತದ್ದು ಗೋವಾದಲ್ಲಿ, ಪೋರ್ಚುಗಲ್‌ನ ಪದ್ಧತಿಯಲ್ಲಿ. ಆದ್ದರಿಂದ ಈ ರೂಪಗಳ ಪರಿಚಯ ಸ್ವಲ್ಪ ಹೆಚ್ಚಾಗಿಯೇ ಇದೆ. ಇದಕ್ಕೆ ‘ಮೆಜೊಕ್ಲಿಸೆ’ ಎಂದು ಹೆಸರು, ಅಂದರೆ ಸರ್ವನಾಮವನ್ನು ಕ್ರಿಯಾಪದದ ಮಧ್ಯದಲ್ಲಿ ಇರಿಸುವುದು. ಭವಿಷ್ಯತ್ ಮತ್ತು ಸಂಭಾವನಾ ರೂಪಗಳಲ್ಲಿ ಮಾತ್ರ ಇದು ಸಾಧ್ಯ. ಹಾಗೇಕೆಂದು ತಿಳಿದರೆ ಒತ್ತಿನ ಪ್ರಶ್ನೆಯೂ ಬಗೆಹರಿಯುತ್ತದೆ.

ಇಂದಿನ ಪೋರ್ಚುಗೀಸ್ ಭವಿಷ್ಯತ್ ರೂಪ ಲ್ಯಾಟಿನ್ನಿನ ಹಳೆಯ ಭವಿಷ್ಯತ್ ರೂಪದಿಂದ ಬಂದದ್ದಲ್ಲ. ಆಡುಮಾತಿನ ಲ್ಯಾಟಿನ್ನಿನಲ್ಲಿ ‘ಕಾಂತಾರೆ ಹಾಬೆಯೊ’ ಎಂಬ ಎರಡು ಪದಗಳ ಪ್ರಯೋಗ ಬಳಕೆಗೆ ಬಂತು. ‘ಹಾಡುವುದಿದೆ ನನಗೆ’ ಎಂಬಂಥ ರಚನೆ ಅದು. ಎರಡನೆಯ ಪದ ಸವೆದು ಮೊದಲನೆಯದಕ್ಕೆ ಅಂಟಿಕೊಂಡು ‘ಕಂ-ತ-ರೇಯ್’ ಆಯಿತು. ಮೇಡಂ ಹೇಳಿದ ನಿಯಮ, ಅಂದರೆ ಭವಿಷ್ಯತ್ತಿನಲ್ಲಿ ಒತ್ತು ರಕಾರವನ್ನು ದಾಟಿ ಹೋಗುವುದು, ಹುಟ್ಟಿದ್ದೂ ಇಲ್ಲಿಂದಲೇ: ಆ ಒತ್ತು ಒಂದು ಕಾಲದಲ್ಲಿ ಸ್ವತಂತ್ರವಾಗಿದ್ದ ಎರಡನೆಯ ಕ್ರಿಯಾಪದದ್ದು. ಅಂಟಿಕೊಂಡ ಮೇಲೂ ಆ ಹೊಲಿಗೆ ಪೂರ್ತಿ ಮಾಯವಾಗಲಿಲ್ಲ. ಸರ್ವನಾಮ ಇಂದಿಗೂ ಆ ಸಂದಿನಲ್ಲಿಯೇ ಬಂದು ಕೂರುತ್ತದೆ.

ಆದ್ದರಿಂದ ನಿಮ್ಮ ಉದಾಹರಣೆಯನ್ನು ಹೀಗೆ ಬಿಡಿಸಿ: ಕೊ-ಲ್ಯೇ-ಲು-ಏ-ಮುಸ್. ಇಲ್ಲಿ ಬಲವಾದ ಸ್ಥಾನಗಳು ಎರಡು. ಮುಖ್ಯ ಒತ್ತು ‘ಏಮುಸ್’ನ ಏಕಾರದ ಮೇಲೆ, ಅದಕ್ಕಿಂತ ಹಗುರವಾದ ಎರಡನೆಯ ಒತ್ತು ‘ಲ್ಯೇ’ ಮೇಲೆ. ನಡುವಿನ ಸರ್ವನಾಮಕ್ಕೆ ಒತ್ತು ಎಂದಿಗೂ ಇಲ್ಲ. ಕೊಲ್ಯೇರ್ ಪದದ ಕೊನೆಯ ರಕಾರ ‘ಅದನ್ನು’ ಎಂಬ ಅರ್ಥದ ‘ಉ’ ಸರ್ವನಾಮದ ಮುಂದೆ ಬಿದ್ದುಹೋಗಿ, ಸರ್ವನಾಮ ‘ಲು’ ಎಂಬ ರೂಪ ತಾಳುತ್ತದೆ. ‘ಅವನಿಗೆ’ ಎಂಬ ಅರ್ಥದ ‘ಲ್ಯೆ’ ಬಂದರೆ ರಕಾರ ಉಳಿಯುತ್ತದೆ: ‘ನಾವು ಅವನಿಗೆ ಹೇಳುತ್ತಿದ್ದೆವು, ಆದರೆ’ ಎಂಬುದು ಕೊಂ-ತಾರ್-ಲ್ಯೆ-ಈ-ಅ-ಮುಸ್.

ಚಿಹ್ನೆಗಳನ್ನು ಹಾಕುವಾಗ ಪ್ರತಿ ತುಂಡನ್ನೂ ಸ್ವತಂತ್ರ ಪದವೆಂದು ಪರಿಗಣಿಸಬೇಕು. ರಕಾರ ಬಿದ್ದ ಮೇಲೆ ಮೊದಲ ತುಂಡು ಎ ಅಕ್ಷರದಿಂದ ಮುಗಿದರೆ ಗೆರೆ, ಇ ಅಕ್ಷರದಿಂದ ಮುಗಿದರೆ ಟೊಪ್ಪಿಗೆಯಂಥ ಚಿಹ್ನೆ; ಐ ಅಕ್ಷರದಿಂದ ಮುಗಿದರೆ ಏ‌ನೂ ಬೇಡ, ಏಕೆಂದರೆ ಐ ಅಕ್ಷರದಿಂದ ಮುಗಿಯುವ ಪದದ ಒತ್ತು ಹೇಗೂ ಕೊನೆಯಲ್ಲಿಯೇ ಇರುತ್ತದೆ. ‘ಕಟ್ಟು’ ಎಂಬ ಅರ್ಥದ ಕೊಂಸ್-ತ್ರು-ಈರ್ ಮೊದಲಾದ ಪದಗಳಲ್ಲಿ ಮಾತ್ರ, ಮೇಡಂ ವಿವರಿಸಿದ ಸ್ವರಸಾನ್ನಿಧ್ಯದ ಕಾರಣದಿಂದ, ರಕಾರ ಬಿದ್ದಾಗ ಐ ಮೇಲೆ ಗೆರೆ ಬರುತ್ತದೆ. ಕೊನೆಯ ತುಂಡಿಗೂ ಅದೇ ನ್ಯಾಯ: ‘ಏಮುಸ್’ಗೆ ಗೆರೆಯಿಲ್ಲ, ಕೊನೆಯಿಂದ ಮೂರನೆಯದರ ಮೇಲೆ ಒತ್ತಿರುವ ‘ಈ-ಅ-ಮುಸ್’ಗೆ ಗೆರೆಯುಂಟು.

ಮಾಡು, ಹೇಳು, ತರು ಎಂಬ ಮೂರು ಕ್ರಿಯಾಪದಗಳು ಭವಿಷ್ಯತ್ತಿನಲ್ಲಿ ಕುಗ್ಗುತ್ತವೆ. ಸರ್ವನಾಮ ಸೇರಿದಾಗಲೂ ಆ ಕುಗ್ಗಿದ ರೂಪವೇ ಉಳಿಯುವುದರಿಂದ ‘ನಾನು ಅದನ್ನು ಮಾಡುವೆನು’ ಎಂಬುದು ಫಾ-ಲು-ಏಯ್ ಆಗುತ್ತದೆ.

ಸರ್ವನಾಮವು ಭೂತಕಾಲದ ರೂಪದ ಹಿಂದೆ ಸೇರಿದಾಗ ಬೇರೊಂದು ವಿಶೇಷ ಕಾಣುತ್ತದೆ. ಒತ್ತು ಕೊನೆಯ ಮೂರು ಉಚ್ಚಾರಾಂಶಗಳೊಳಗೇ ಇರಬೇಕೆಂಬ ಮಿತಿ ಬಿಡಿ ಪದಕ್ಕೆ ಮಾತ್ರ ಅನ್ವಯಿಸುತ್ತದೆ. ‘ನಾವು ಅದನ್ನು ಸವರುತ್ತಿದ್ದೆವು’ ಎಂಬ ಪೊ-ದಾ-ವ-ಮು-ಲು ರೂಪದಲ್ಲಿ ‘ಮುಸ್’ನ ಸಕಾರ ಬಿದ್ದು, ಸರ್ವನಾಮ ಅಂಟಿಕೊಂಡು, ಒತ್ತು ಕೊನೆಯಿಂದ ನಾಲ್ಕನೆಯದಾಗಿದೆ. ‘ನಾವು ಅವನಿಗೆ ಕೊಡುತ್ತಿದ್ದೆವು’ ಎಂಬ ದಾ-ವ-ಮುಸ್-ಲ್ಯೆ ಕೂಡ ಹಾಗೆಯೇ. ವ್ಯಾಕರಣಕಾರರು ಇದನ್ನು ‘ಬಿಸೆಸ್ದ್ರೂಶುಲ’ ಎನ್ನುತ್ತಾರೆ. ಸರ್ವನಾಮ ಎಷ್ಟೇ ಉದ್ದಕ್ಕೆ ಬೆಳೆಸಿದರೂ ಒತ್ತು ಗಣಸ್ವರವನ್ನು ಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸಾಲಿನ ಅಂಚಿನಲ್ಲಿ ಪದವನ್ನು ತುಂಡರಿಸಬೇಕಾಗಿ ಬಂದರೆ ಒಂದು ನಿಯಮ ನೆನಪಿಡಿ. ಸರ್ವನಾಮದ ಅಡ್ಡಗೆರೆ ಇರುವಲ್ಲಿಯೇ ಸಾಲು ಮುರಿದರೆ, 1990ರ ಕಾಗುಣಿತ ಒಪ್ಪಂದದ ಪ್ರಕಾರ ಮುಂದಿನ ಸಾಲಿನ ಆರಂಭದಲ್ಲಿ ಆ ಅಡ್ಡಗೆರೆಯನ್ನು ಮತ್ತೊಮ್ಮೆ ಹಾಕಬೇಕು. ಹಾಗೆ ಮಾಡದಿದ್ದರೆ ಅದು ಪದದ ಭಾಗವೋ ಸಾಲು ಮುರಿದ ಗುರುತೋ ಎಂದು ಓದುವವರಿಗೆ ತಿಳಿಯುವುದಿಲ್ಲ.

ತಾವು ಬ್ರೆಜಿಲ್‌ನ ಬರಹಗಳಿಗಾಗಿ ಕಲಿಯುತ್ತಿರುವುದರಿಂದ ಒಂದು ಮಾತು. ಅಲ್ಲಿನ ಮಾತಿನಲ್ಲಿ ಮೆಜೊಕ್ಲಿಸೆ ಇಲ್ಲವೆಂದೇ ಹೇಳಬಹುದು. 2016ರಲ್ಲಿ ಅಧ್ಯಕ್ಷರಾದ ಮಿಶೆಲ್ ತೆಮೆರ್ ಭಾಷಣಗಳಲ್ಲಿ ಅದನ್ನು ಬಳಸಿದಾಗ ಪತ್ರಿಕೆಗಳು ಅದನ್ನೇ ವಿಶೇಷವೆಂದು ಗಮನಿಸಿದವು. ಪೋರ್ಚುಗಲ್‌ನಲ್ಲಿಯೂ ‘ಇಲ್ಲ’ ಎಂಬ ಅರ್ಥದ ‘ನಾಂವ್’ ಮುಂದೆ ಬಂದರೆ ಸರ್ವನಾಮ ಕ್ರಿಯಾಪದದ ಮುಂದಕ್ಕೆ ಬಂದುಬಿಡುತ್ತದೆ, ಹೊಲಿಗೆ ಬಿಚ್ಚುವುದಿಲ್ಲ.

ಉತ್ತರ: ಸಕಲೇಶಪುರದ ಅನುವಾದಕಿ

ಮೇಲಿನ ಮಾತಿಗೆ ಎರಡು ಸೇರ್ಪಡೆಗಳು. ಬ್ರೆಜಿಲ್‌ನ ಉಪನ್ಯಾಸಗಳಲ್ಲಿ ‘ಪೊ-ದ-ರಾಂವ್’ ಎಂಬುದನ್ನೂ ನೀವು ಹೆಚ್ಚಾಗಿ ಕೇಳಲಾರಿರಿ. ‘ಸವರಲಿದ್ದಾರೆ’ ಎನ್ನಲು ‘ಹೋಗು’ ಕ್ರಿಯಾಪದವನ್ನು ಸಹಾಯಕವಾಗಿ ಮುಂದಿಟ್ಟು ‘ವಾಂವ್ ಪೊ-ದಾರ್’ ಎನ್ನುತ್ತಾರೆ. ಒಂಟಿ ಪದದ ಭವಿಷ್ಯತ್ ರೂಪ ಬರಹದಲ್ಲಿ, ಕೈಪಿಡಿಗಳಲ್ಲಿ, ಕಾನೂನುಗಳಲ್ಲಿ ಸಿಗುತ್ತದೆ. ಆದ್ದರಿಂದ ಕಿವಿಗೆ ‘ಪೊದರಂವ್’ ಎಂದು ಬಿದ್ದರೆ ಅದು ಭೂತಕಾಲವೆಂದು ಬಹುಪಾಲು ಧೈರ್ಯವಾಗಿ ತೆಗೆದುಕೊಳ್ಳಬಹುದು, ಕಣ್ಣಿಗೆ ಬಿದ್ದರೆ ಮಾತ್ರ ಕೊನೆಯ ಅಕ್ಷರಗಳನ್ನು ಪರೀಕ್ಷಿಸಬೇಕು. ಯೂರೋಪಿನ ಉಚ್ಚಾರ ಕೇಳುವಾಗ ಇನ್ನೂ ಒಂದು ಎಚ್ಚರ: ಅಲ್ಲಿ ಒತ್ತಿಲ್ಲದ ಎಕಾರ ಬಹಳ ಬಾರಿ ಕೇಳಿಸುವುದೇ ಇಲ್ಲ, ಹೀಗಾಗಿ ಕಾಗದದ ಮೇಲೆ ಎಣಿಸಿದಷ್ಟು ಉಚ್ಚಾರಾಂಶಗಳು ಕಿವಿಗೆ ಸಿಗುವುದಿಲ್ಲ. ಬ್ರೆಜಿಲ್‌ನವರು ಸ್ವರಗಳನ್ನು ತೆರೆದು ಹೇಳುವುದರಿಂದ ಆರಂಭಕ್ಕೆ ಅವರ ಧ್ವನಿಮುದ್ರಣಗಳೇ ಉತ್ತಮ.

ಎರಡನೆಯದು, ‘ಪ್ಲಂ-ತಾ-ಮುಸ್’ ಎಂಬ ರೂಪದ ವಿಚಾರ. ಪೋರ್ಚುಗಲ್‌ನಲ್ಲಿ ‘ನೆಡುತ್ತೇವೆ’ ಎಂಬಲ್ಲಿ ನಡುವಿನ ಸ್ವರವನ್ನು ಮುಚ್ಚಿ, ‘ನೆಟ್ಟೆವು’ ಎಂಬಲ್ಲಿ ತೆರೆದು ಹೇಳುತ್ತಾರೆ, ಬರಹದಲ್ಲಿ ಎರಡನೆಯದಕ್ಕೆ ಗೆರೆ ಹಾಕುತ್ತಾರೆ. 1990ರ ಒಪ್ಪಂದ ಆ ಗೆರೆಯನ್ನು ಐಚ್ಛಿಕವೆಂದಿತು. ಬ್ರೆಜಿಲ್‌ನಲ್ಲಿ ಉಚ್ಚಾರದಲ್ಲೂ ಬರಹದಲ್ಲೂ ಭೇದವಿಲ್ಲ, ಒತ್ತೂ ಒಂದೇ ಕಡೆ. ಇಲ್ಲಿ ವಿಭಾಗವೂ ಒತ್ತೂ ನೆರವಿಗೆ ಬರುವುದಿಲ್ಲ. ಪಕ್ಕದಲ್ಲಿ ‘ನಿನ್ನೆ’, ‘ಕಳೆದ ವರ್ಷ’, ‘ಪ್ರತಿ ವರ್ಷ’ ಎಂಬಂಥ ಕಾಲವಾಚಕ ಪದ ಯಾವುದಿದೆ ಎಂದು ನೋಡಿ ಅರ್ಥ ಮಾಡಿಕೊಳ್ಳಬೇಕು.